ಅತ್ತೆಯ ಮಾರು, ಮಾವನ ಫ್ಯಾದಮ್

ನಮ್ಮ ಮಾವನ ಇಂಗ್ಲಿಷ್ ಇ ಅಕ್ಷರದಿಂದ ಶುರುವಾಗಿ ಜಿ ಅಕ್ಷರಕ್ಕೆ ಮುಗಿದುಹೋಗುತ್ತದೆ. ಅದರ ಹಿಂದೆಯೂ ಏನಿಲ್ಲ, ಮುಂದೆಯೂ ಏನಿಲ್ಲ. ನಾನು ಸುಮ್ಮನೆ ರೀಲು ಬಿಡುತ್ತಿದ್ದೇನೆ ಅಂದುಕೊಂಡಿರಾ? ನಂಜನಗೂಡಿಗೆ ಬಂದು ದೇವಸ್ಥಾನದ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಈತ ನನ್ನ ಅಮ್ಮನ ತಮ್ಮ, ಖಾಸಾ ಸೋದರಮಾವ; ತಾಂಡ್ಯದ ನೂಲಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಎಳೆಯ ಉದ್ದ ಅಳೆದು ನಿವೃತ್ತನಾದವನು. ಅಳೆಯುವ ಚಟ ಕಾರ್ಖಾನೆಯಲ್ಲಿ ಹತ್ತಿದ್ದು. ಇಂಗ್ಲಿಷಿನ ಚಟ ಆಮೇಲೆ ಅಂಟಿದ್ದು. ಎರಡೂ ಒಂದೇ ಮೈಯಲ್ಲಿ ಸೇರಿ ಒಂದು ಮನೆಯನ್ನು ಹೇಗೆ ಖಾಲಿ ಮಾಡಿದವು ಅನ್ನುವ ಕಥೆ ಹೇಳುತ್ತೇನೆ, ನಗು ಬಂದರೆ ನಗಿ. ನಾನಂತೂ ಮೊದಮೊದಲು ತುಂಬಾ ನಕ್ಕೆ.

ನಿವೃತ್ತಿಯಾದ ಹೊಸತರಲ್ಲಿ ಹಳೇ ಪೇಪರು ಹಾಕಲು ರದ್ದಿ ಅಂಗಡಿಗೆ ಹೋದ ಮಾವ ವಾಪಸ್ಸು ಬರುವಾಗ ಒಂದು ಪುಸ್ತಕ ಹೊತ್ತುಕೊಂಡು ಬಂದ. ಇಂಗ್ಲಿಷ್ ನಿಘಂಟು. ದಿಂಬಿನಷ್ಟು ದಪ್ಪ. ಮುಂದಿನ ರಟ್ಟು ಇರಲಿಲ್ಲ, ಹಿಂದಿನ ರಟ್ಟನ್ನು ಇಲಿ ಅರ್ಧ ಓದಿ ಮುಗಿಸಿತ್ತು. ಅದು ಹಲವು ಸಂಪುಟಗಳ ನಿಘಂಟಿನ ಒಂದೇ ಒಂದು ಸಂಪುಟ: ಇ, ಎಫ್, ಜಿ. ಮಿಕ್ಕವು ಎಲ್ಲಿ ಹೋದವೋ, ಯಾರ ಕಡಲೆಕಾಯಿ ಪೊಟ್ಟಣವಾದವೋ, ಅಂಗಡಿಯವನಿಗೂ ಗೊತ್ತಿರಲಿಲ್ಲ. ನಾನು ಸುತ್ತೂರಿನ ದಾರಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ನಗು ತಡೆಯಲಾಗದೆ ಕೇಳಿದೆ:

"ಮಾವ, ಒಂದೇ ಸಂಪುಟ ಇಟ್ಕೊಂಡು ಏನ್ ಮಾಡ್ತೀಯ?"

"ನೀನು ಎಲ್ಲಾ ಸಂಪುಟ ಇಟ್ಕೊಂಡು ಏನ್ ಮಾಡಿದೀಯ?"

ನಾನು ಕಾಫಿ ಕುಡಿದು ಎದ್ದು ಬಂದೆ.

ಅವತ್ತಿನಿಂದ ಮಾವ ಒಂದು ವ್ರತ ಹಿಡಿದ. ಇಂಗ್ಲಿಷ್ ಆಡಿದರೆ ತನ್ನ ಸಂಪುಟದಲ್ಲಿರುವ ಪದವನ್ನೇ ಆಡಬೇಕು. ಹಾಗಾದರೆ ಬಸ್ಸು, ಟೇಪು, ಕಾಫಿ? ಅವೆಲ್ಲ ಕನ್ನಡ ಕಣೋ, ಲೆಕ್ಕಕ್ಕಿಲ್ಲ ಎಂದ. ಆರೋಗ್ಯ ಹೇಗಿದೆ ಎಂದು ಕೇಳಿದರೆ "ಫೈನ್. ಫಿಟ್." ನಡುವೆ ಅಂಡ್ ಸೇರಿಸುವಂತಿಲ್ಲ, ಅದು ಎ ಸಂಪುಟದ್ದು. ಕರೆಂಟು ಹೋದಾಗ ಬಂದ ಲೈನ್‌ಮನ್‌ಗೆ "ಫ್ಯೂಸ್ ಫೇಲ್ಯೂರ್. ಫಿಕ್ಸ್." ಮೂರೇ ಪದಕ್ಕೆ ಇಷ್ಟು ಗತ್ತು ಕಂಡ ಲೈನ್‌ಮನ್ ಮಾವನನ್ನು ರಿಟೈರ್ಡ್ ಎಂಜಿನಿಯರ್ ಅಂದುಕೊಂಡು ಇವತ್ತಿಗೂ ನಮಸ್ಕಾರ ಹೊಡೆಯುತ್ತಾನೆ. ಒಂದು ಮದುವೆಯಲ್ಲಿ ಅಕ್ಷತೆ ಹಾಕುತ್ತಾ "ಫೇತ್‌ಫುಲ್! ಫ್ರೂಟ್‌ಫುಲ್! ಫಾರೆವರ್!" ಎಂದು ಹರಸಿದ. ಮದುಮಗ ಅದ್ಯಾವುದೋ ಟಾನಿಕ್ಕಿನ ಹೆಸರಿರಬೇಕೆಂದು ವಿನಯದಿಂದ ತಲೆಯಾಡಿಸಿದ.

ಹೀಗೆ ಪುಟ ತಿರುಗಿಸುತ್ತಾ ತಿರುಗಿಸುತ್ತಾ ಒಂದು ದಿನ ಮಾವ ಆ ಪದಕ್ಕೆ ಬಂದು ನಿಂತ. ನಾನು ಸ್ಕೂಲಿನಿಂದ ಬರುವುದನ್ನೇ ಕಾದಿದ್ದ.

"ಮೇಷ್ಟ್ರೇ, ಫ್ಯಾದಮ್ ಅಂದ್ರೇನು?"

"ಆಳವಾಗಿ ಅರ್ಥ ಮಾಡ್ಕೊಳ್ಳೋದು, ಮಾವ."

"ಅದು ಮೂರನೇ ಅರ್ಥ. ಮೊದಲನೇದು?"

ನನಗೆ ಕೆಮ್ಮು ಬಂತು. ಇಂಗ್ಲಿಷ್ ಮೇಷ್ಟ್ರುಗಳಿಗೆಲ್ಲ ಇಂಥ ಹೊತ್ತಿನಲ್ಲಿ ಬರುವ ಕೆಮ್ಮು ಅದು.

"ಆರಡಿ," ಎಂದ ಮಾವ, ಗೆದ್ದವನ ಹಾಗೆ. "ಹಡಗಿನವರ ಅಳತೆ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಸಮುದ್ರಕ್ಕೆ ಬಿಡೋರು. ಗುಂಡು ತಳ ಮುಟ್ಟಿದ ಮೇಲೆ ಹಗ್ಗಾನ ಎರಡು ತೋಳು ಚಾಚಿ ಚಾಚಿ ಎಳ್ಕೊಳ್ಳೋರು. ಒಂದು ಚಾಚಿಗೆ ಒಂದು ಫ್ಯಾದಮ್. ಇದು ನಮ್ಮ ಮಾರು ಅಲ್ವೇನೋ? ನಿನ್ನ ಅತ್ತೆ ದಿನಾ ಮಾಡೋದು ಇದನ್ನೇ ಅಲ್ವೇನೋ?"

ಹೌದಲ್ಲ ಅನ್ನಿಸಿತು ನನಗೂ. ಮಾವ ಸಮುದ್ರ ಕಂಡವನಲ್ಲ. ಅವನು ಇಳಿದ ದೊಡ್ಡ ನೀರು ಎಂದರೆ ಕಪಿಲೆ, ಅದೂ ಮೊಣಕಾಲಿನ ತನಕ, ಈಜು ಬರುವುದಿಲ್ಲ. ಆದರೂ ಆ ಸಂಜೆ ಅವನು ಯಾವುದೋ ಹಡಗಿನ ಮೇಲೆ ನಿಂತವನ ಹಾಗೆ ಜಗುಲಿಯ ಮೇಲೆ ಕಾಲು ಅಗಲಿಸಿ ನಿಂತಿದ್ದ.

ಈಗ ಅತ್ತೆಯ ಬಗ್ಗೆ ಹೇಳಬೇಕು. ಅತ್ತೆ ಟಿ. ನರಸೀಪುರದ ಹೆಣ್ಣು. ಮದುವೆಯಾಗಿ ಬಂದ ಎರಡನೇ ವರ್ಷದಿಂದ ದೇವಸ್ಥಾನದ ಬೀದಿಯಲ್ಲಿ ಹೂವಿನ ಅಂಗಡಿ. ಅಂಗಡಿ ಎಂದರೆ ಒಂದು ಮಣೆ, ಒಂದು ಬಿದಿರು ಪುಟ್ಟಿ, ಪುಟ್ಟಿಗೊಂದು ಒದ್ದೆ ಬಟ್ಟೆ. ಕಟ್ಟಿದ ಹೂವನ್ನು ನಮ್ಮ ಕಡೆ ಮೊಳದಲ್ಲಿ ಕೊಡುತ್ತಾರೆ, ಮಾರಿನಲ್ಲಿ ಕೊಡುತ್ತಾರೆ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿ. ಮಾರು ಎಂದರೆ ಎರಡೂ ತೋಳು ಅಗಲಕ್ಕೆ ಚಾಚಿ, ಈ ಕೈಯ ಬೆರಳಿಂದ ಆ ಕೈಯ ಬೆರಳಿಗೆ. ಯಾರ ಕೈ ಎಂದು ಯಾರೂ ಕೇಳುವುದಿಲ್ಲ. ಹೂವು ಯಾರ ಪುಟ್ಟಿಯದೋ ಮಾರು ಅವರ ತೋಳಿನದು. ನಮ್ಮ ಅತ್ತೆಯೋ ಕುಳ್ಳು ಹೆಂಗಸು. ಅವಳು ತೋಳು ಚಾಚಿದರೆ ಜಗುಲಿಯ ಎರಡು ಕಂಬ ಮುಟ್ಟುತ್ತಿರಲಿಲ್ಲ. ಆದರೂ ಅವಳ ಮುಂದೆ ಇದ್ದಷ್ಟು ಜನ ಬೀದಿಯಲ್ಲಿ ಬೇರೆ ಯಾರ ಮುಂದೆಯೂ ಇರುತ್ತಿರಲಿಲ್ಲ. ಯಾಕೆ ಎಂದು ನಾವು ಮನೆಯವರು ಯಾರೂ ಯೋಚನೆ ಮಾಡಿರಲಿಲ್ಲ.

ಒಂದು ಸೋಮವಾರ, ಬೀದಿಯ ತುಂಬ ಜನ. ನಾನು ಸ್ಕೂಲಿನಲ್ಲಿದ್ದೆ, ಬೀದಿಯವರು ಹೇಳಿದ್ದನ್ನೇ ಹೇಳುತ್ತಿದ್ದೇನೆ. ಮೈಸೂರಿನಿಂದ ಬಂದ ಹೆಂಗಸೊಬ್ಬಳು ಒಂದು ಮಾರು ಮಲ್ಲಿಗೆ ಕೇಳಿದಳು. ಅತ್ತೆ ಪುಟ್ಟಿಯಿಂದ ಹೂವು ಎಳೆದು ಎರಡೂ ತೋಳು ಚಾಚಿದಳು. ಅಷ್ಟರಲ್ಲಿ ಹಿಂದೆ ಕೂತು ನಿಘಂಟು ಓದುತ್ತಿದ್ದ ನಮ್ಮ ಮಹಾನುಭಾವ "ಎಕ್ಸ್‌ಕ್ಯೂಸ್" ಎಂದು ಎದ್ದು ಬಂದ. ಜೇಬಿನಿಂದ ಟೇಪು ತೆಗೆದು ಹೂವಿನ ಉದ್ದಕ್ಕೂ ಹಿಡಿದ.

"ಎಗ್ಸಾಂಪಲ್!" ಎಂದ, ನಿಂತವರಿಗೆಲ್ಲ ಕೇಳುವ ಹಾಗೆ. "ಫ್ಯಾದಮ್ ಅಂದ್ರೆ ಮಾರು, ಮಾರು ಅಂದ್ರೆ ಆರಡಿ. ಇದು ನಾಲ್ಕಡಿ ಹನ್ನೊಂದು ಅಂಗುಲ. ಹದಿಮೂರು ಅಂಗುಲ ಕಡಿಮೆ."

ಅವನಿಗೆ ಅದು ವಿಜ್ಞಾನ. ತಾನು ಕಲಿತದ್ದನ್ನು ನಾಲ್ಕು ಜನಕ್ಕೆ ಹಂಚುವ ಖುಷಿ. ಮೈಸೂರಿನ ಹೆಂಗಸು ಮಾತ್ರ "ಅಂದ್ರೆ ಇಷ್ಟು ವರ್ಷ ಎಲ್ಲರಿಗೂ ಹೀಗೇ ಕೊಟ್ಟಿದೀರಾ?" ಎಂದು ಕೇಳಿದಳು. ಯಾರೋ ಕಿಸಕ್ಕನೆ ನಕ್ಕರು. ಅತ್ತೆಯ ತೋಳು ಇನ್ನೂ ಚಾಚಿದ್ದ ಹಾಗೇ ಇತ್ತು. ಆಮೇಲೆ ಮೆಲ್ಲಗೆ ಇಳಿಸಿದಳಂತೆ.

ಅವಳು ಜಗಳವಾಡಲಿಲ್ಲ. ಕತ್ತರಿಸದ ಹೂವನ್ನು ಪುಟ್ಟಿಗೆ ಹಾಕಿ, ಪಕ್ಕದ ಬಾಳೆಹಣ್ಣಿನ ಸಿದ್ದಣ್ಣನಿಗೆ "ಇಷ್ಟೂ ದೇವ್ರಿಗೆ ಕೊಟ್ಬುಡಪ್ಪ" ಎಂದು ಹೇಳಿ, ಬಟ್ಟೆ ಹಿಂಡಿ ಒಣಹಾಕಿ ಮನೆಗೆ ಹೋದಳು. ಮಾವ ಮಧ್ಯಾಹ್ನ ಮನೆಗೆ ಬಂದಾಗ ಸಾರು ಬಿಸಿಯಾಗಿತ್ತು, ಅನ್ನ ಬಿಸಿಯಾಗಿತ್ತು, ಮುಚ್ಚಳದ ಮೇಲೆ ಬೀಗದ ಕೈ ಇತ್ತು. ಅತ್ತೆ ನರಸೀಪುರದ ಬಸ್ಸಿನಲ್ಲಿ ತಮ್ಮನ ಮನೆಗೆ ಹೋಗಿಯಾಗಿತ್ತು.

"ಈವ್ನಿಂಗ್ ಬಂದ್ಬಿಡ್ತಾಳೆ," ಎಂದ ಮಾವ ನನಗೆ. ಐದು ತಿಂಗಳ ಈವ್ನಿಂಗ್ ಕಳೆದುಹೋಯಿತು.

ಆ ಐದು ತಿಂಗಳು ನಾನು ಮಾವನ ಮನೆಗೆ ಹೋದಾಗಲೆಲ್ಲ ನಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಗುತ್ತಾ ಬಂತು. ಮಾವ ಮೂರು ಹೊತ್ತೂ ಉಪ್ಪಿಟ್ಟು ಮಾಡಿಕೊಂಡು, ಅದನ್ನು "ಫುಡ್" ಎಂದು ಕರೆದುಕೊಂಡು ತಿನ್ನುತ್ತಿದ್ದ. ಬೆಳಗ್ಗೆ ಎದ್ದವನು ಮೊದಲು ಮಾಡುತ್ತಿದ್ದ ಕೆಲಸ ಏನು ಗೊತ್ತೆ? ಮೂಲೆಯಲ್ಲಿದ್ದ ಅತ್ತೆಯ ಖಾಲಿ ಪುಟ್ಟಿಯ ಬಟ್ಟೆಯ ಮೇಲೆ ನೀರು ಚಿಮುಕಿಸುವುದು. ಒಳಗೆ ಒಂದು ಎಸಳೂ ಇಲ್ಲ. "ಬಟ್ಟೆ ಒಣಗಿದ್ರೆ ಬಿದಿರು ಸೀಳು ಬಿಡುತ್ತೆ ಕಣೋ," ಎನ್ನುತ್ತಿದ್ದ. ಬಿದಿರಿಗೂ ಬಟ್ಟೆಗೂ ಏನು ಸಂಬಂಧ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಸಂಜೆಯಾದರೆ ಕಪಿಲೆಯ ಸೋಪಾನದ ಮೇಲೆ ಕೂರುತ್ತಿದ್ದ. ನಮ್ಮೂರಿನ ಹೊಳೆ ಹರಿದು ಹರಿದು ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ ಅನ್ನುವುದು ಇಲ್ಲಿಯ ಮಕ್ಕಳಿಗೂ ಗೊತ್ತು. ಮಾವನಿಗೆ ಅದು ಹೊಸದಾಗಿ ಗೊತ್ತಾದ ಹಾಗಿತ್ತು. "ಈ ನೀರು ಅಲ್ಲಿಗೆ ಹೋಗುತ್ತೆ, ನಾನು ಹೋಗೋ ಹಾಗಿಲ್ಲ, ನೋಡು," ಎಂದ ಒಂದು ಸಲ. ಅಷ್ಟರಲ್ಲೇ ಅವನೊಳಗಿನ ವಿಜ್ಞಾನಿ ಎದ್ದು ಕೂತ. ನೀರು ಅಲ್ಲಿಗೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಳೆಯಬೇಕು! ಒಂದು ತೆಂಗಿನಕಾಯಿಗೆ ಕೆಂಪು ಬಣ್ಣ ಬಳಿದು ಶುಕ್ರವಾರ ಹೊಳೆಗೆ ಬಿಟ್ಟ. ಶನಿವಾರ ಪೂರ್ತಿ, ಭಾನುವಾರ ಪೂರ್ತಿ ನರಸೀಪುರದ ಸಂಗಮದಲ್ಲಿ ಕಾದು ಕೂತ. ಕಾಯಿ ಬರಲೇ ಇಲ್ಲ. ಅಲ್ಲಿ ಹರಿಗೋಲು ಹಾಕುವ ಕೆಂಪಣ್ಣ ಎಲ್ಲ ಕೇಳಿಕೊಂಡು ಸಮಾಧಾನ ಹೇಳಿದ.

"ತೆಂಗಿನ್‌ಕಾಯಿ ಅಲ್ವಾ ಸಾ. ದಾರೀಲಿ ಯಾರೋ ಚಟ್ನಿ ಮಾಡ್ಕಂಡಿರ್ತಾರೆ ಕಣ್ ಸಾ. ನೀವು ಕಲ್ಲಂಗಡಿ ಬಿಟ್ಟಿದ್ರೂ ಬತ್ತಿರ್ಲಿಲ್ಲ."

ಆದರೆ ಆ ಭಾನುವಾರ ಸಂಗಮದಲ್ಲಿ ಮಾವ ಬೇರೆ ಏನನ್ನೋ ನೋಡಿದ. ಸೋಪಾನದ ಮೇಲೆ, ಆಲದ ಮರದ ನೆರಳಲ್ಲಿ ಅತ್ತೆ ಹೊಸ ಪುಟ್ಟಿ ಇಟ್ಟುಕೊಂಡು ಕೂತಿದ್ದಳು. ಮೀಯಲು ಬಂದವರಿಗೆ ಹೂವು ಅಳೆದು ಕೊಡುತ್ತಿದ್ದಳು.

ಅಲ್ಲಿಂದ ಮುಂದೆ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಮಾವ ನರಸೀಪುರಕ್ಕೆ ಹೊರಡತೊಡಗಿದ. ಹೋಗಿ ಹೆಂಡತಿಯ ಹತ್ತಿರ ಮಾತಾಡಿದನೆ? ಎಲ್ಲಿ ಬಂತು! ಕೆಂಪಣ್ಣನ ಹರಿಗೋಲು ಹತ್ತಿ ನಡುಹೊಳೆಗೆ ಹೋಗಿ, ಹಗ್ಗ ಇಳಿಬಿಟ್ಟು ಆಳ ಅಳೆಯುತ್ತಿದ್ದ. ಈಜು ಬಾರದವನು, ಒಂದು ಕೈಯಲ್ಲಿ ಹರಿಗೋಲಿನ ಅಂಚನ್ನು ಜೀವ ಹಿಡಿದುಕೊಂಡ ಹಾಗೆ ಹಿಡಿದು, ಇನ್ನೊಂದು ಕೈಯಲ್ಲಿ ಹಗ್ಗ. ಸೀಸದ ಗುಂಡು ಸಿಗಲಿಲ್ಲವೆಂದು ಅತ್ತೆ ಎಲೆಅಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿಯನ್ನೇ ತುದಿಗೆ ಕಟ್ಟಿದ್ದ. ಆರಡಿಗೊಂದು ಗುರುತು ಬೇಕಲ್ಲ, ಅತ್ತೆಯ ಹಳೇ ಸೀರೆಯ ಅಂಚು ಹರಿದು ಗಂಟು ಹಾಕಿದ್ದ. ಒಂದು ನೋಟ್‌ಬುಕ್ಕು. ಅದರಲ್ಲಿ ಪ್ರತಿ ವಾರವೂ ಆಳ.

ಒಂದು ಭಾನುವಾರ ನಾನೂ ಜೊತೆಗೆ ಹೋಗಿ ಹರಿಗೋಲು ಹತ್ತಿದೆ. ಮಾವ ಹಗ್ಗ ಬಿಟ್ಟ. ಕಣ್ಣು ಮಾತ್ರ ನೀರಿನ ಮೇಲಿರಲಿಲ್ಲ.

"ಕೆಂಪಣ್ಣ, ನೋಡ್ತಾ ಇದಾಳಾ?" ಎಂದ, ತುಟಿ ಅಲ್ಲಾಡಿಸದೆ.

"ನೋಡ್ತಾ ಅದೆ ಸಾ ಅವ್ವ. ಆದ್ರೆ ನೋಡ್ತಾ ಇಲ್ಲ ಅನ್ನೋ ಅಂಗೆ ನೋಡ್ತಾ ಅದೆ."

ಮಾವ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ. ಹಗ್ಗ ಇನ್ನೂ ತಳ ಮುಟ್ಟಿರಲಿಲ್ಲ.

ದಡಕ್ಕೆ ಬಂದ ಮೇಲೆ ಮಾವನನ್ನು ಟೀ ಅಂಗಡಿಯಲ್ಲಿ ಕೂರಿಸಿ ನಾನೊಬ್ಬನೇ ಅತ್ತೆಯ ಹತ್ತಿರ ಹೋದೆ. ಅತ್ತೆ ತಲೆ ಎತ್ತದೆ ಹೂವು ಕಟ್ಟುತ್ತಿದ್ದಳು.

"ನನ್ ಕುಟ್ಟಾಣೀನ ಒಳೇಗ್ ಬಿಡ್ತಾ ಅವ್ರಲ್ಲ, ತುಕ್ಕಿಡಿಯಲ್ವಾ ಅದು?"

"ಒರೆಸಿ ಇಡ್ತಾನೆ, ಅತ್ತೆ."

"ಉಣ್ತಾರಾ?"

"ಉಪ್ಪಿಟ್ಟು."

"ಆ ಡಿಕ್ಷನರಿ ಬೇಯಿಸ್ ಆಕ್ತಾ ಇಲ್ವಾ?" ಎಂದು ಎರಡು ಗಂಟು ಬಿಗಿಯಾಗಿ ಎಳೆದಳು. ಮೂರನೆಯ ಗಂಟಿಗೆ ಹೂವು ಇಡುತ್ತಾ ಹೇಳಿದಳು. "ಮೂವತ್ ವರ್ಸ ಆ ಬೀದೀಲಿ ತಲೆ ಎತ್ಕಂಡು ಕೂತಿದ್ದೋಳು ಕಣಪ್ಪ ನಾನು. ಬೇರೆ ಯಾರಾರ ಅಂದಿದ್ರೆ ಬಾಯಿ ಮುಚ್ಚುಸ್ತಿದ್ದೆ. ಮನೇವ್ರೇ ಟೇಪ್ ಇಡದ್ರು. ಅಳ್ತೆ ಸರಿ ಇಲ್ದೋಳು ಆ ಮನೇಲಿ ಯಾಕಿರ್ಬೇಕು ಯೇಳು."

ಬರುವಾಗ ಅತ್ತೆ ಒಂದು ಪೊಟ್ಟಣ ಕೊಟ್ಟಳು. ಬಿಚ್ಚಿದರೆ ಹುಣಿಸೆ ಗೊಜ್ಜು, ಮಾವನಿಗೆ ಇಷ್ಟವಾದದ್ದು. "ನೀನೇ ತಿನ್ನು, ಯಾರ್ಗೂ ಕೊಡ್ಬೇಡ," ಎಂದಿದ್ದಳು. ನಾನು ಅಷ್ಟು ದಡ್ಡನಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಮಾವನಿಗೆ ಚೆನ್ನಾಗಿ ಬೈದೆ. "ಸಾರಿ ಅಂತ ಒಂದು ಮಾತು ಅನ್ನೋಕೆ ಏನು ರೋಗ ನಿನಗೆ?"

"ಸಾರಿ ಎಸ್ ಅಕ್ಷರದ್ದು ಕಣೋ. ನನ್ನ ಸಂಪುಟದಲ್ಲಿ ಇಲ್ಲ."

"ಫರ್ಗಿವ್ ಇದೆಯಲ್ಲ? ಎಫ್!"

ಮಾವ ಕಿಟಕಿಯಾಚೆ ನೋಡಿದ. "ಇದೆ. ಆ ಪುಟ ಅಂಟಿಕೊಂಡಿದೆ," ಎಂದ. ನನಗೆ ನಗು ಬಂತು, ಅವನ ಮುಖ ನೋಡಿ ನುಂಗಿಕೊಂಡೆ. ಅದು ಉಡಾಫೆಯಲ್ಲ. ತಪ್ಪೆಂದು ಒಪ್ಪಿಕೊಳ್ಳಲು ಅವನಿಗೆ ತನ್ನ ತಪ್ಪು ಯಾವುದೆಂದೇ ಗೊತ್ತಿರಲಿಲ್ಲ. ಟೇಪು ಸುಳ್ಳು ಹೇಳಿರಲಿಲ್ಲ, ನಿಘಂಟು ಸುಳ್ಳು ಹೇಳಿರಲಿಲ್ಲ. ಸರಿಯಾಗಿ ಅಳೆದ ಮೇಲೂ ಹೆಂಡತಿ ಯಾಕೆ ಹೋದಳು ಅನ್ನುವುದು ಅವನಿಗೆ ಐದು ತಿಂಗಳಾದರೂ ತಳ ಸಿಗದ ಪ್ರಶ್ನೆಯಾಗಿತ್ತು.

ಅದರ ಮುಂದಿನ ಶನಿವಾರ ಸಂಜೆ ಮಾವನ ಮನೆಯಲ್ಲಿ ಸುಮ್ಮನೆ ಆ ನಿಘಂಟು ತೆಗೆದು ಫ್ಯಾದಮ್ ಪುಟ ನೋಡಿದೆ. ದಪ್ಪ ಅಕ್ಷರದ ಅರ್ಥಗಳ ಕೆಳಗೆಲ್ಲ ಮಾವ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದ. ಅವುಗಳಿಗಿಂತ ಮೊದಲು, ಆವರಣ ಚಿಹ್ನೆಯೊಳಗೆ ಇರುವೆ ಸಾಲಿನ ಹಾಗೆ ಒಂದಷ್ಟು ಸಣ್ಣ ಅಕ್ಷರಗಳಿದ್ದವು. ಅಲ್ಲಿ ಗೆರೆ ಇರಲಿಲ್ಲ.

"ಇದನ್ನ ಓದಿದೀಯಾ ಮಾವ?"

"ಅದು ಕಾಣಲ್ಲ ಕಣೋ ನನ್ನ ಕನ್ನಡಕಕ್ಕೆ. ಆವರಣದೊಳಗಿರೋದು ಮುಖ್ಯ ಇರಲ್ಲ."

ನಾನು ಓದಿ ಕನ್ನಡದಲ್ಲಿ ಹೇಳಿದೆ. "ಪದ ಹುಟ್ಟಿದ್ದು ಹೇಗೆ ಅಂತ ಕೊಟ್ಟಿದಾನೆ. ಹಳೇ ಇಂಗ್ಲಿಷಿನಲ್ಲಿ ಇದಕ್ಕೆ ಚಾಚಿದ ಎರಡು ತೋಳು ಅಂತ ಅರ್ಥ ಅಂತೆ. ತೋಳಲ್ಲಿ ಬಳಸಿಕೊಳ್ಳೋದು. ಅಪ್ಪಿಕೊಳ್ಳೋದು."

ಮಾವ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ.

"ಆರಡಿ?"

"ಅದು ಆಮೇಲೆ ಬಂದದ್ದು. ಹಡಗಿನವರು ಹಗ್ಗ ಅಳೆದು ಅಳೆದು, ಎಲ್ಲರಿಗೂ ಒಂದೇ ಇರಲಿ ಅಂತ ಆರಡಿ ಮಾಡ್ಕೊಂಡಿರಬೇಕು. ಅರ್ಥ ಮಾಡ್ಕೊಳ್ಳೋದು ಅನ್ನೋದು ಅದಕ್ಕೂ ಆಮೇಲೆ."

"ಮೊದಲು ತೋಳಾ?"

"ಮೊದಲು ತೋಳು."

"ಯಾರ ತೋಳು?"

"ಯಾರದಾದ್ರೂ, ಮಾವ. ಅಪ್ಪಿಕೊಳ್ಳೋರ ತೋಳು."

ಮಾವ ಎದ್ದು ಹೋಗಿ ನಡುಮನೆಯಲ್ಲಿ ನಿಂತ. ಎರಡೂ ತೋಳು ಅಗಲಕ್ಕೆ ಚಾಚಿದ. ಎತ್ತರದ ಆಳು, ಅವನ ತೋಳು ಆರಡಿಗೆ ಮೋಸವಿಲ್ಲ. ಒಂದು ಕೈ ಅತ್ತೆಯ ಪುಟ್ಟಿಯ ಕಡೆಗೆ, ಇನ್ನೊಂದು ಕೈ ಖಾಲಿ ಗೋಡೆಯ ಕಡೆಗೆ. ಹಾಗೇ ನಿಂತು ನನ್ನ ಕಡೆ ನೋಡದೆ ಹೇಳಿದ.

"ಅವಳಿಲ್ದೆ ಆಗ್ತಾ ಇಲ್ಲ ಕಣೋ ನನಗೆ. ಮನೇಲಿ ಕೂತ್ರೂ ಆಗಲ್ಲ, ನಿಂತ್ರೂ ಆಗಲ್ಲ."

ಇ, ಎಫ್, ಜಿ ಯಾವುದೂ ಇಲ್ಲದ ಮಾತು. ನಾನು ತಟ್ಟೆ ತೊಳೆದಿಟ್ಟೆ.

ಮರುದಿನ ಬೆಳಗ್ಗೆ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಹೊರಟಾಗ ದಾರಿಯಲ್ಲಿ ಸಿದ್ದಣ್ಣನ ಅಂಗಡಿ. ಅತ್ತೆ ಹೋದಂದಿನಿಂದ ಬೀದಿಗೆ ಬೀದಿಯೇ ಮಾವನ ಹತ್ತಿರ ಮಾತು ಬಿಟ್ಟಿತ್ತು. ಸಿದ್ದಣ್ಣನಂತೂ ಎಲ್ಲರಿಗೂ ಕಳಿತ ರಸಬಾಳೆ ಕೊಟ್ಟು ಮಾವನಿಗೆ ಮಾತ್ರ ಒಗರು ಕಾಯಿ ಕೊಡುತ್ತಿದ್ದ. ಅವತ್ತು ಮಾವ ಅವನ ಮುಂದೆ ಹೋಗಿ ನಿಂತ.

"ಸಿದ್ದಣ್ಣ, ಕರ್ಕೊಂಡು ಬರೋಕೆ ಹೋಗ್ತಾ ಇದೀನಿ."

ಸಿದ್ದಣ್ಣ ಬಾಳೆಹಣ್ಣಿನ ಗೊನೆ ಬಿಟ್ಟು ಮೇಲೆ ನೋಡಿದ. "ಓಗಿ. ಓಗಿ ಏನಂತೀರಿ? ಆರಡಿ ಇಲ್ಲ ಅಂತೀರಾ?"

"ಆರಡಿ ಮುಖ್ಯ ಅಲ್ಲ ಅಂತೀನಿ. ಅವಳ ತೋಳು ಎಷ್ಟಿದೆಯೋ ಅಷ್ಟೇ ಮಾರು ಅಂತೀನಿ."

"ಅಷ್ಟೇನಾ?" ಎಂದ ಸಿದ್ದಣ್ಣ. "ಸಾ, ನಿಮ್ಗೆ ಗೊತ್ತೇ ಇಲ್ವಾ? ಕೊಸರು ಗೊತ್ತಿಲ್ವಾ?"

"ಯಾವ ಕೊಸರು?"

ಸಿದ್ದಣ್ಣ ಅಂಗಡಿಯಿಂದ ಇಳಿದು ಬಂದು ಬೀದಿಯಲ್ಲಿ ನಿಂತು ಮಾಡಿ ತೋರಿಸಿದ. ಎರಡೂ ತೋಳು ಚಾಚಿದ. "ಇದು ಮಾರು. ಎಲ್ರೂ ಇಲ್ಲಿ ಕತ್ರುಸ್ತಾರೆ. ಅವ್ವ ಕತ್ರುಸ್ತಿರ್ಲಿಲ್ಲ. ಇಂಗೆ ಇನ್ನೊಂದು ಮೊಳ ಎಳ್ದು, ಆಮೇಲೆ ಕತ್ರುಸ್ತಿತ್ತು. ನನ್ ಕೈ ಚಿಕ್ದು, ಯಾರ್ಗೂ ಕಮ್ಮಿ ಆಗ್ಬಾರ್ದು ಅಂತಿತ್ತು. ಒಂದಿನ ತಪ್ಸಿಲ್ಲ ಸಾ. ಅವತ್ತೂ ಎಳೀತಿತ್ತು. ಅಷ್ಟ್ರಲ್ಲಿ ನೀವು ಟೇಪ್ ಇಡ್ಕಂಡ್ ಬಂದ್ರಿ."

"ಇಷ್ಟು ದಿನ ಯಾಕೋ ಹೇಳ್ಲಿಲ್ಲ?"

"ಊರಿಗೆಲ್ಲಾ ಗೊತ್ತಿರೋದು. ಕಟ್ಕಂಡ ಗಂಡನ್ಗೆ ಗೊತ್ತಿರಲ್ಲ ಅಂತ ಯಾರ್ ಅನ್ಕತಾರೆ ಸಾ?"

ಬಸ್ಸಿನಲ್ಲಿ ಕೂತ ಮೇಲೆ ಮಾವ ಬೆರಳು ಮಡಚಿ ಏನೋ ಲೆಕ್ಕ ಹಾಕಿದ. ಚಟ ಎಲ್ಲಿಗೆ ಹೋಗುತ್ತದೆ? "ಅವಳ ಮೊಳ ಹದಿನೈದು ಅಂಗುಲ. ರವಿಕೆ ಹೊಲಿಸೋವಾಗ ಅಳೆದಿದ್ದೆ," ಎಂದ. "ನಾಲ್ಕಡಿ ಹನ್ನೊಂದಕ್ಕೆ ಹದಿನೈದು ಸೇರಿದ್ರೆ ಆರಡಿ ಎರಡಂಗುಲ." ಆಮೇಲೆ ನರಸೀಪುರ ಬರುವ ತನಕ ಕರ್ಚೀಫಿನಲ್ಲಿ ಕನ್ನಡಕ ಒರೆಸುತ್ತಲೇ ಇದ್ದ. ಸಂಪುಟ ಅವತ್ತು ಮನೆಯಲ್ಲೇ ಉಳಿದಿತ್ತು, ಹಗ್ಗವೂ ಅಷ್ಟೇ.

ಸಂಗಮದಲ್ಲಿ ಕೆಂಪಣ್ಣ ದೂರದಿಂದಲೇ ಕೈ ಬೀಸಿದ. "ಸಾ, ಅರಿಗೋಲು ಈ ಕಡೆ!" ಮಾವ ಆ ಕಡೆ ತಿರುಗಲಿಲ್ಲ. ಸೋಪಾನದ ಮೇಲೆ ಅತ್ತೆಯ ಮುಂದೆ ನಾಲ್ಕು ಜನ ನಿಂತಿದ್ದರು, ಹೋಗಿ ಐದನೆಯವನಾಗಿ ನಿಂತುಕೊಂಡ. ಸ್ವಲ್ಪ ಆಚೆ ಮರಕ್ಕೆ ಒರಗಿ ನಾನು ನಿಂತೆ.

ಮಾವನ ಸರದಿ ಬಂತು. ಅತ್ತೆಯ ಕಣ್ಣು ಮೊದಲು ಚಪ್ಪಲಿಯ ಮೇಲೆ ಬಿತ್ತು. ಅಲ್ಲಿಂದ ಮೇಲಕ್ಕೆ ಬರಲಿಲ್ಲ.

"ಎಷ್ಟು?" ಎಂದಳು.

"ಒಂದು ಮಾರು."

ಅತ್ತೆ ಪುಟ್ಟಿಯಿಂದ ಮಲ್ಲಿಗೆ ಎಳೆದು ಎರಡೂ ತೋಳು ಚಾಚಿದಳು. ಆಗ ಮಾವ ಹಿಂದೆ ನಿಂತವರ ಕಡೆ ತಿರುಗಿ, ಅವತ್ತು ಬೀದಿಯಲ್ಲಿ ಮಾತಾಡಿದಷ್ಟೇ ಗಟ್ಟಿಯಾಗಿ ಹೇಳಿದ.

"ನೋಡಿ, ಇವಳು ಒಂದು ಮಾರು ಅಂತ ಕೊಡೋದು ಆರಡಿ ಎರಡಂಗುಲ. ಮೂವತ್ತು ವರ್ಷದಿಂದ ಯಾರಿಗೂ ಒಂದಂಗುಲ ಕಡಿಮೆ ಕೊಟ್ಟಿಲ್ಲ. ಪೂರ್ತಿ ಅಳೆಯೋಕೆ ಮುಂಚೆ ಬಾಯಿ ಹಾಕಿದೋನು ನಾನು. ತಪ್ಪಾಯ್ತು."

ಹಿಂದೆ ನಿಂತಿದ್ದವರಿಗೆ ತಲೆಬುಡ ಅರ್ಥವಾಗಲಿಲ್ಲ. ಒಬ್ಬ ಅಜ್ಜಿ, "ಆಯ್ತು ಕಣಪ್ಪ, ತಕೊಂಡು ಮುಂದಕ್ಕೋಗು, ನಮ್ಗೂ ಒತ್ತಾಯ್ತದೆ," ಎಂದಳು.

ಅತ್ತೆಯ ತೋಳು ಚಾಚಿದ ಹಾಗೇ ಇತ್ತು. ಈ ಸಲ ಇಳಿಯಲಿಲ್ಲ. ಮಾವ ಅವಳ ಬಲಗೈಯನ್ನೇ ನೋಡುತ್ತಿದ್ದ, ಇನ್ನೊಂದು ಮೊಳ ಎಳೆಯುತ್ತಾಳೋ ಎಂದು. ಅವಳು ಎಳೆಯಲಿಲ್ಲ. ಸರಿಯಾಗಿ ಬೆರಳ ತುದಿಗೆ, ನಾಲ್ಕಡಿ ಹನ್ನೊಂದು ಅಂಗುಲಕ್ಕೆ ಕತ್ತರಿಸಿದಳು.

ಮಾವನ ಮುಖ ಬಿದ್ದುಹೋಯಿತು. "ಕೊಸರು?" ಎಂದ, ಮಗುವಿನ ಹಾಗೆ.

ಅತ್ತೆ ಐದು ತಿಂಗಳಲ್ಲಿ ಮೊದಲ ಸಲ ಅವನ ಮುಖ ನೋಡಿದಳು. ಸೊರಗಿದ ಕೆನ್ನೆ ನೋಡಿದಳು, ಗುಂಡಿ ಕಿತ್ತುಹೋದ ಅಂಗಿ ನೋಡಿದಳು.

"ಕೊಸರು ಗಿರಾಕಿಗೆ," ಎಂದಳು. "ಮನೇವ್ರಿಗ್ ಯಾಕೆ?"

ಹಾಗೆಂದವಳು ಹೂವನ್ನು ಅವನ ಕೈಗೆ ಹಾಕಿ, ಮಣೆಯ ಮೇಲೆ ಕೂತಲ್ಲೇ ಬೆನ್ನು ತಿರುಗಿಸಿ ತಲೆ ಬಗ್ಗಿಸಿದಳು. ದಿನವಿಡೀ ಊರಿಗೆಲ್ಲ ಹೂವು ಕೊಡುವ ಅತ್ತೆಯ ತುರುಬಿನಲ್ಲಿ ಒಂದು ಎಸಳೂ ಇರಲಿಲ್ಲ. ನಾನು ಅದನ್ನು ಅವತ್ತೇ ಗಮನಿಸಿದ್ದು.

"ಮುಡಿಸಿ," ಎಂದಳು ನೆಲ ನೋಡುತ್ತಾ. "ಮೂರು ಗಂಟೆ ಬಸ್ಸಿಗೆ ಓಗೋದಾದ್ರೆ ಬೇಗ."

ಮಾವ ಎರಡು ಮೆಟ್ಟಿಲು ಕೆಳಗಿಳಿದು ಬಗ್ಗಿದ. ಒಂದು ಮಾರು ಹೂವು ಒಂದು ತುರುಬಿಗೆ ತುಂಬಾ ಜಾಸ್ತಿ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಬರಬೇಕು. ನೂಲಿನ ಎಳೆ ಹಿಡಿದು ಪಳಗಿದ ಕೈ, ಆದರೂ ಮೊದಲ ಸುತ್ತು ಜಾರಿತು, ಮತ್ತೆ ಸುತ್ತಿದ. ಎರಡೂ ತೋಳು ಅವಳ ತಲೆಯ ಆಚೆ ಈಚೆ ಬಳಸಿ ಬಂದವು. ಸಾಲಿನಲ್ಲಿದ್ದ ಅಜ್ಜಿ ಒತ್ತಾಯ್ತದೆ ಎನ್ನುವುದನ್ನು ಮರೆತು ನಿಂತಳು. ನಾನು ಹೊಳೆಯ ಕಡೆ ತಿರುಗಿಕೊಂಡೆ.

ನಡುನೀರಿನಿಂದ ಕೆಂಪಣ್ಣ ಕೂಗಿದ. "ಸಾ, ಇವತ್ತು ಎಷ್ಟು ಮಾರು ಅಂತ ಬರ್ಕತೀರಿ ಸಾ?"

ಮಾವನ ಎರಡು ಕೈಗೂ ಕೆಲಸವಿತ್ತು.